ದೆಲ್ಫಿನಾ ಮುಳ್ಳುಗೋಡೆಗೆ ನುಣುಪು ಮಾಡಿಸಿದ್ದು

ನಮ್ಮ ಪಕ್ಕದ ಮನೆಯ ಗೋಡೆ ಕಚ್ಚುತ್ತಿತ್ತು. ಪೀಕೋ ರಿವೆರಾದ ನಮ್ಮ ಬೀದಿಯಲ್ಲಿ ಅದಕ್ಕೆ ಮೊಣಕೈಯ ತೊಗಲು ಕೊಡದವರು ಯಾರೂ ಇರಲಿಲ್ಲ. ಅಂಚೆಯವನು ಕೊಟ್ಟಿದ್ದ, ಗ್ಯಾಸಿನ ಮೀಟರು ನೋಡುವವಳು ಕೊಟ್ಟಿದ್ದಳು. ಒಂದು ಕ್ರಿಸ್‌ಮಸ್‌ನಲ್ಲಿ ಮನೆಯನ್ನು ಆಶೀರ್ವದಿಸಲು ಬಂದ ಪಾದ್ರಿಗಳೂ ಕೊಟ್ಟಿದ್ದರು. ಅವರು ಮೆಸ್ಕಾಲ್ ಮದ್ಯ ಎರಡು ಸುತ್ತು ಮುಗಿಸಿ, ಸ್ವಲ್ಪ ಒರಗೋಣ ಅಂತ ಬೆನ್ನು ಕೊಟ್ಟು ಜಾರಿದಾಗ ಬಾಯಿಂದ ಬಂದ ಮಾತು ಯಾವ ಪ್ರಾರ್ಥನಾ ಪುಸ್ತಕದಲ್ಲೂ ಇಲ್ಲ. ನಾನು ಬೇಲಿಯ ಈಚೆ ನಿಂತು ಕೇಳಿಸಿಕೊಂಡೆ. ದೇವರಿಗೂ ಕೇಳಿಸಿರಬೇಕು. ಆದರೆ ಆ ಗೋಡೆ ನೋಡಿದ ಮೇಲೆ ಯಾವ ದೇವರಾದರೂ ಕ್ಷಮಿಸುತ್ತಾನೆ.

ಅದನ್ನು ಕಟ್ಟಿದ್ದು ಬೇರೆ ಯಾರೋ, ಆದರೆ ಅದರ ಮೈಗೆ ಗಾರೆ ಬಳಿದವನು ಮನೆಯ ಯಜಮಾನ ಎವರಿಸ್ತೋ ಲುಹಾನ್. ಕಸುಬಿನಲ್ಲೇ ಗಾರೆಯವನು. ಪಸಡೀನಾದ ದೊಡ್ಡವರ ಮನೆಗಳಿಗೆ ಅವನು ಮಾಡಿಕೊಟ್ಟ ಗೋಡೆಗಳ ಮೇಲೆ ನೊಣ ಕೂತರೆ ಜಾರಿ ಬೀಳುತ್ತಿತ್ತು. ತನ್ನ ಮನೆಯ ವಿಷಯ ಬಂದಾಗ ಮಾತ್ರ, ಮನೆ ಕೊಂಡ ಹೊಸದರಲ್ಲಿ, ಒಂದು ಶನಿವಾರ ಸ್ನೇಹಿತರನ್ನು ಗುಡ್ಡೆ ಹಾಕಿ, ಐಸಿನ ಡಬ್ಬದ ತುಂಬ ಬಿಯರ್ ಇಟ್ಟುಕೊಂಡು ಎರಡೇ ದಿನದಲ್ಲಿ ಕೆಲಸ ಮುಗಿಸಿಬಿಟ್ಟ. ಬಿಯರ್ ಖಾಲಿಯಾದ ಹಾಗೆಲ್ಲ ಗೋಡೆಯ ಲಕ್ಷಣ ಬದಲಾಗಿತ್ತು. ಬೀದಿಗೆ ಕಾಣುವ ಮುಂಭಾಗದಲ್ಲಿ ಉಬ್ಬುಬ್ಬಾದ ಹೂವಿನ ಸುರುಳಿಗಳು, ಹಿಂದುಗಡೆ ಮೊಸಳೆಯ ಬೆನ್ನು. ನಮ್ಮ ಮನೆಯ ಕಡೆಗಿದ್ದ ಓಣಿಯ ಗೋಡೆಗೆ ಬರುವ ಹೊತ್ತಿಗೆ ಬಿಯರ್ ಮುಗಿದು ತೆಕೀಲಾ ಶುರುವಾಗಿತ್ತು. ಅಲ್ಲಿ ಗಾರೆಯನ್ನು ಬಳಿದದ್ದಲ್ಲ, ಎಸೆದದ್ದು. ಮುಳ್ಳುಹಂದಿಯನ್ನು ನಿಲ್ಲಿಸಿ ಸುಣ್ಣ ಹೊಡೆದ ಹಾಗಿತ್ತು. ಇದಕ್ಕೆ ಅವನು ಸ್ಪ್ಯಾನಿಷ್ ಶೈಲಿ ಎಂದು ಹೆಸರಿಟ್ಟಿದ್ದ.

ಅವನ ಹೆಂಡತಿ ದೆಲ್ಫಿನಾ ಅಂದಿನಿಂದ ಅದನ್ನು ನುಣ್ಣಗೆ ಮಾಡಿಕೊಡು ಎಂದು ಕೇಳುತ್ತಲೇ ಇದ್ದಳು. ಮುಂದಿನ ಬೇಸಿಗೆಗೆ ಎಂದು ಅವನು ಹೇಳುತ್ತಲೇ ಇದ್ದ. ಅವಳು ಶಾಲೆಯ ಅಡುಗೆಮನೆಯಲ್ಲಿ ಬಡಿಸುವ ಕೆಲಸ ಮಾಡಿ ನಿವೃತ್ತಳಾದವಳು. ಊಟದ ಹೊತ್ತಿನ ಗದ್ದಲದಲ್ಲೂ ಕೊನೆಯ ಮೇಜಿನ ಹುಡುಗನನ್ನು ಹೆಸರು ಹಿಡಿದು ನಿಲ್ಲಿಸುವ ಗಂಟಲು ಅವಳದು. ಹಾಗಾಗಿ ಈ ಸಂವಾದವನ್ನು ನಾನು ಪ್ರತಿ ವರ್ಷವೂ ನಮ್ಮ ಹಾಲಿನಲ್ಲಿ ಕೂತೇ ಕೇಳುತ್ತಿದ್ದೆ. ಗಾರೆಯವನ ಹೆಂಡತಿಗೆ ಊರಿನ ಗೋಡೆಗಳೆಲ್ಲ ಸವತಿಯರು ಎಂದು ಒಮ್ಮೆ ನನ್ನ ಹತ್ತಿರವೇ ಹೇಳಿದ್ದಳು.

ಆರು ವರ್ಷದ ಹಿಂದೆ ಎವರಿಸ್ತೋ ಕೆಲಸ ಬಿಟ್ಟ. ಮಂಡಿ ಹೋಯಿತು ಎಂದ. ಮಂಡಿ ಹೋದವನು ಸಂಜೆ ಮಾರುಕಟ್ಟೆಯ ತನಕ ನಡೆದು ಹೋಗಿ, ಬರುವಾಗ ಬೀದಿಯಲ್ಲಿ ಎದುರಾದವರಿಗೆಲ್ಲ ಎದುರು ನಿಂತೇ ಅರ್ಧ ಗಂಟೆ ಉಪದೇಶ ಮಾಡುತ್ತಿದ್ದ. ದೆಲ್ಫಿನಾ ಮಂಡಿಯ ಮಾತು ಎತ್ತಲಿಲ್ಲ, ಆದರೆ ಗೋಡೆಯ ಮಾತು ಬಿಡಲಿಲ್ಲ.

ಕಳೆದ ಸೆಪ್ಟೆಂಬರಿನ ಒಂದು ಭಾನುವಾರ ಅವಳು ಬೋಟಿ ಸೂಪಿನ ದೊಡ್ಡ ಪಾತ್ರೆಯನ್ನು ಎರಡು ಕೈಯಲ್ಲಿ ಹಿಡಿದು ಓಣಿಯಿಂದ ಹಿತ್ತಿಲಿಗೆ ಹೋಗುತ್ತಿದ್ದಳು. ಆ ಸೂಪಿನ ಹೆಸರು ಮೆನೂದೋ, ಅದೆಂದರೆ ಅವಳಿಗೆ ಪೂಜೆಯ ಹಾಗೆ. ಕಾಲು ಜಾರಿತು. ಪಾತ್ರೆ ಬಿಡಲಿಲ್ಲ. ಭುಜದಿಂದ ಮಣಿಕಟ್ಟಿನ ತನಕ ಗೋಡೆಗೆ ಉಜ್ಜಿಕೊಂಡು ನಿಂತಳು. ಸೂಪು ಚೆಲ್ಲಲಿಲ್ಲ, ಆದರೆ ತೋಳಿನ ತೊಗಲು ಗೋಡೆಯ ಮೇಲೆ ಉಳಿಯಿತು. ನಾನು ಬೇಲಿ ದಾಟಿ ಓಡಿ ಹೋಗಿ ಪಾತ್ರೆ ತೆಗೆದುಕೊಂಡೆ. ಎವರಿಸ್ತೋ ಹಿತ್ತಿಲಿನಿಂದ ಬಂದು ನೋಡಿದ. ಅಯ್ಯೋ ಎನ್ನಬೇಕಿತ್ತು. ಅವನು ಅಂದದ್ದು ಇದು:

"ಗೋಡೆ ಒರಟಾಗಿದ್ದಕ್ಕೆ ಹಿಡ್ಕೊಂಡ್ತು ನೋಡು. ನುಣ್ಣಗಿದ್ದಿದ್ರೆ ಸೀದಾ ನೆಲಕ್ಕೇ ಹೋಗ್ತಿದ್ದೆ."

ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎನ್ನುವವರನ್ನು ನೋಡಿದ್ದೇನೆ. ಹೆಂಡತಿ ಬಿದ್ದಾಗ ತನ್ನ ಮೀಸೆ ಒರೆಸಿಕೊಂಡವನನ್ನು ಅವತ್ತೇ ಮೊದಲು ನೋಡಿದ್ದು. ದೆಲ್ಫಿನಾ ತೋಳಿಗೆ ಬಟ್ಟೆ ಸುತ್ತಿಕೊಂಡು ಒಳಗೆ ಹೋಗಿ ನಿಕಾನೋರ್ ಸೆಪೇದಾನಿಗೆ ಫೋನ್ ಮಾಡಿದಳು.

ಇದು ಎಂಥ ಬಾಂಬು ಎಂದು ತಿಳಿಯಬೇಕಾದರೆ ನಿಕಾನೋರ್ ಯಾರೆಂದು ಹೇಳಬೇಕು. ಇಪ್ಪತ್ತೈದು ವರ್ಷ ಅವನೂ ಎವರಿಸ್ತೋನೂ ಒಂದೇ ಲಾರಿಯಲ್ಲಿ ಕೆಲಸಕ್ಕೆ ಹೋದವರು. ಬಿಯರ್ ಕುಡಿದು ಆ ಮುಳ್ಳುಗೋಡೆಗೆ ಗಾರೆ ಎಸೆದವರಲ್ಲಿ ಅವನೂ ಒಬ್ಬ. ಅವನ ಮಗಳು ಎಲ್ವಿರಾಳನ್ನು ಜ್ಞಾನಸ್ನಾನದ ದಿನ ತೋಳಿನಲ್ಲಿ ಎತ್ತಿ ಹಿಡಿದವನು ಎವರಿಸ್ತೋ. ಅವತ್ತಿನಿಂದ ಇಬ್ಬರೂ ಒಬ್ಬರಿಗೊಬ್ಬರು ಕೊಂಪಾದ್ರೆ, ದೆಲ್ಫಿನಾ ನಿಕಾನೋರನಿಗೆ ಕೊಮಾದ್ರೆ. ನಮ್ಮ ಕಡೆ ಅದು ಅಣ್ಣತಮ್ಮಂದಿರಿಗಿಂತ ಗಟ್ಟಿಯಾದ ನಂಟು, ಏಕೆಂದರೆ ಅಣ್ಣತಮ್ಮಂದಿರನ್ನು ಯಾರೂ ಆರಿಸಿಕೊಂಡಿರುವುದಿಲ್ಲ. ಇಂಥವರು ಆರು ವರ್ಷದಿಂದ ಮಾತು ಬಿಟ್ಟಿದ್ದರು. ಕಾರಣ ಇಡೀ ಬೀದಿಗೆ ಗೊತ್ತಿತ್ತು. ದೆಲ್ಫಿನಾಳ ಮೆನೂದೋ ಉಂಡು, ಉಪ್ಪು ಸಾಲದು ಎಂದು ನಿಕಾನೋರ್ ಹೇಳಿದನಂತೆ. ಹೆಂಡತಿಯ ಅಡುಗೆಗೆ ಹೆಸರಿಟ್ಟವನ ಮುಖ ನೋಡುವುದಿಲ್ಲ ಎಂದು ಎವರಿಸ್ತೋ ಹೇಳಿಕೊಂಡು ತಿರುಗಿದ. ದೆಲ್ಫಿನಾಳೂ ಅದನ್ನೇ ನಂಬಿ, ಚರ್ಚಿನಲ್ಲಿ ನಿಕಾನೋರ್ ಕಂಡರೆ ಬೇರೆ ಸಾಲಿನ ಬೆಂಚಿಗೆ ಹೋಗಿ ಕೂರುತ್ತಿದ್ದಳು.

ಅಂಥವನಿಗೆ ಅವಳೇ ಫೋನ್ ಮಾಡಿದಳು. ನಾನು ಅವಳ ಅಡುಗೆಮನೆಯಲ್ಲೇ ಇದ್ದೆ, ಪಾತ್ರೆ ಇಳಿಸುತ್ತಿದ್ದೆ. ಗೋಡೆ ನುಣ್ಣಗೆ ಮಾಡಬೇಕು, ನಾಲ್ಕೂ ಕಡೆ, ಮಧ್ಯಾಹ್ನದ ಊಟ ನನ್ನದು, ಉಪ್ಪು ಮಾತ್ರ ನಿನ್ನ ಮನೆಯಿಂದ ತಂದುಕೋ ಎಂದು ಹೇಳಿ ಫೋನ್ ಇಟ್ಟುಬಿಟ್ಟಳು.

ಎವರಿಸ್ತೋ ಮೊದಲು ನಕ್ಕ, ಆಮೇಲೆ ಕೂಗಾಡಿದ, ಆಮೇಲೆ ಎರಡು ದಿನ ಊಟ ಬಿಟ್ಟು, ನನ್ನ ಮನೆಗೆ ಬಂದು ತಿಂದು ಹೋದ. ಅವಳು ಅಲ್ಲಾಡಲಿಲ್ಲ.

ಅಕ್ಟೋಬರಿನಲ್ಲಿ ಲಾರಿ ಬಂತು. ಅದರಿಂದ ಇಳಿದದ್ದು ನಿಕಾನೋರ್, ಇಬ್ಬರು ಕೆಲಸದವರು, ಮತ್ತು ಎಲ್ಲರಿಗಿಂತ ಮೊದಲು ಎಲ್ವಿರಾ. ಈಗ ಕಸುಬು ನಡೆಸುತ್ತಿರುವವಳು ಅವಳೇ. ಮೂವತ್ತು ದಾಟಿದ ಗಟ್ಟಿ ಹೆಂಗಸು, ಅಪ್ಪನಿಗಿಂತ ಅಗಲ ಭುಜ. ಅಪ್ಪ ಹೇಳಿದ್ದಕ್ಕೆಲ್ಲ ತಲೆ ಆಡಿಸಿ, ಆಮೇಲೆ ತನಗೆ ಸರಿ ಕಂಡದ್ದನ್ನು ಮಾಡುವವಳು. ಅವಳು ಸೀದಾ ಎವರಿಸ್ತೋನ ಹತ್ತಿರ ಹೋಗಿ ಕೆನ್ನೆಗೆ ಮುತ್ತು ಕೊಟ್ಟು, "ಚೆನ್ನಾಗಿದೀರಾ ಪದ್ರಿನೋ" ಎಂದಳು. ಪದ್ರಿನೋ ಎಂದರೆ ಜ್ಞಾನಸ್ನಾನದ ತಂದೆ, ಮುಖ ತಿರುಗಿಸುವ ಹಾಗಿಲ್ಲ. ಗೊಣಗಿದ. ನಿಕಾನೋರ್ ಲಾರಿಯ ಆಚೆ ಬದಿಯಲ್ಲೇ ನಿಂತು ಬಕೆಟ್ಟುಗಳನ್ನು ಎಣಿಸುತ್ತಿರುವವನ ಹಾಗೆ ನಟಿಸುತ್ತಿದ್ದ.

ಕೆಲಸ ಶುರುವಾಯಿತು. ಮೊದಲು ಜೋರು ನೀರಿನ ಪೈಪಿನಿಂದ ಗೋಡೆ ತೊಳೆದರು. ಜೇಡರ ಬಲೆ, ಕಣಜದ ಗೂಡು, ಯಾವುದೋ ಕಾಲದ ಬಿಯರ್ ಮುಚ್ಚಳ, ಎಲ್ಲ ಉದುರಿದವು. ಆಮೇಲೆ ಕೆರೆಯುವ ಕೆಲಸ. ಉಬ್ಬುಗಳನ್ನೂ ಮುಳ್ಳುಗಳನ್ನೂ ಉದ್ದ ಹಿಡಿಯ ಕಬ್ಬಿಣದ ಪಟ್ಟಿಯಿಂದ ಒಂದೊಂದಾಗಿ ಹೊಡೆದು ಬೀಳಿಸಬೇಕು. ಅದರ ಮೇಲೆ ಅಂಟಿನ ನೀರು ಬಳಿದು, ಹಳ್ಳಗಳನ್ನು ಗಾರೆಯಿಂದ ತುಂಬಿ, ಹಸಿಯಿರುವಾಗಲೇ ಬಲೆಯಂಥ ಬಟ್ಟೆಯನ್ನು ಒತ್ತಿ, ಒಣಗಿದ ಮೇಲೆ ಕೊನೆಯ ತೆಳು ಗಾರೆ ಎಳೆಯಬೇಕು. ಒರಟು ಗೋಡೆ ಕೆಲಸಗಾರನ ಪಾಪಗಳನ್ನೆಲ್ಲ ಹೊಟ್ಟೆಗೆ ಹಾಕಿಕೊಳ್ಳುತ್ತದೆ. ನುಣುಪು ಗೋಡೆ ಬಾಯಿಬಡುಕ, ಸಂಜೆಯ ಓರೆ ಬಿಸಿಲು ಬಿದ್ದರೆ ಸಾಕು, ಎಲ್ಲವನ್ನೂ ಬೀದಿಗೆ ಹೇಳಿಬಿಡುತ್ತದೆ.

ಎವರಿಸ್ತೋ ನಿಂಬೆ ಗಿಡದ ಕೆಳಗೆ ಮಡಚುವ ಕುರ್ಚಿ ಹಾಕಿಕೊಂಡು ಕೂತ. ಎರಡೂ ಕೈಗಳನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬೆಳಗಿನಿಂದ ಸಂಜೆಯ ತನಕ ಟೀಕೆ. ನಿಕಾನೋರನೊಡನೆ ಮಾತಿಲ್ಲವಾದ್ದರಿಂದ ಎಲ್ಲವನ್ನೂ ಬೇಲಿಯ ಮೇಲಿಂದ ನನಗೆ ಹೇಳುತ್ತಿದ್ದ. ನಾನು ಮೂವತ್ತು ವರ್ಷ ನಗರದ ಬಸ್ಸು ಓಡಿಸಿದವನು, ಬೆನ್ನ ಹಿಂದೆ ಬೀಳುವ ಬೈಗುಳ ನನಗೆ ಹೊಸದಲ್ಲ. ಆದರೆ ಇಬ್ಬರ ನಡುವೆ ಅಂಚೆಯಣ್ಣನಾದದ್ದು ಅದೇ ಮೊದಲು.

"ನೋಡು ಅವನು ಕರಣೆ ಹಿಡಿಯೋದನ್ನ. ಟೋರ್ತಿಯಾ ರೊಟ್ಟಿ ಮಗುಚೋ ಹಾಗಿದೆ" ಎನ್ನುತ್ತಿದ್ದ ಎವರಿಸ್ತೋ.

ನಿಕಾನೋರ್ ಸಾರವೆಯ ಹಲಗೆಯ ಮೇಲಿಂದ, ಕೆಳಗೆ ನೋಡದೆ, ನನಗೇ ಉತ್ತರ ಕೊಡುತ್ತಿದ್ದ. "ನಿಮ್ಮ ಪಕ್ಕದ ಮನೆಯವರಿಗೆ ಹೇಳಿ, ಈ ಗೋಡೆ ಮೇಲೆ ಯಾವುದೋ ಕತ್ತೆ ಸೀನಿದ ಹಾಗಿದೆ ಅಂತ. ಅದನ್ನ ಒರೆಸೋದ್ರಲ್ಲೇ ನನ್ನ ಆಯಸ್ಸು ಮುಗೀತಿದೆ."

"ಆ ಕತ್ತೆ ಜೊತೆ ಇನ್ನೊಂದು ಕತ್ತೆನೂ ಸೀನಿತ್ತು ಅಂತ ಹೇಳು."

ನಾನು ಏನೂ ಹೇಳಬೇಕಾಗಿರಲಿಲ್ಲ. ಇಬ್ಬರಿಗೂ ಕಿವಿ ಚೆನ್ನಾಗಿತ್ತು. ದೆಲ್ಫಿನಾ ಮಧ್ಯಾಹ್ನ ಊಟ ತಂದಿಟ್ಟು, ನಿಕಾನೋರನ ಮುಂದೆ ಉಪ್ಪಿನ ಡಬ್ಬವನ್ನು ಕುಕ್ಕಿ ಹೋಗುತ್ತಿದ್ದಳು. ಅವನು ತಲೆ ತಗ್ಗಿಸಿ ತಿನ್ನುತ್ತಿದ್ದ. ಒಂದು ದಿನವೂ ಅದನ್ನು ಮುಟ್ಟಿದ್ದನ್ನು ನಾನು ನೋಡಲಿಲ್ಲ.

ಓಣಿಯ ಗೋಡೆ ಮುಗಿಯಿತು, ಹಿತ್ತಿಲಿನದು ಮುಗಿಯಿತು, ಆಚೆ ಬದಿಯದೂ ಮುಗಿಯಿತು. ಉಳಿದದ್ದು ಬೀದಿಗೆ ಕಾಣುವ ಮುಂಭಾಗದ ಕೊನೆಯ ಗಾರೆ. ಅದು ಪಶ್ಚಿಮಕ್ಕೆ ಮುಖ ಮಾಡಿದ ಗೋಡೆ. ಬೆಳಿಗ್ಗೆ ನೆರಳು, ಮಧ್ಯಾಹ್ನದಿಂದ ಸುಡುವ ಬಿಸಿಲು. ಬೇಗ ಶುರು ಮಾಡಿ, ಬಿಸಿಲು ಬರುವಷ್ಟರಲ್ಲಿ ಮೂಲೆಯಿಂದ ಮೂಲೆಗೆ ಒಂದೇ ಉಸಿರಿನಲ್ಲಿ ಮುಗಿಸಬೇಕು. ನಡುವೆ ನಿಂತರೆ ನಿಂತ ಜಾಗದಲ್ಲಿ ಗೆರೆ ಬೀಳುತ್ತದೆ. ಅದು ಸಾಯುವ ತನಕ ಹೋಗುವುದಿಲ್ಲ.

ಅವತ್ತು ಬೆಳಿಗ್ಗೆ ಎಲ್ವಿರಾ ಮತ್ತು ನಿಕಾನೋರ್ ಮುಂಚೆ ಬಂದು ಗಾರೆ ಕಲಸಿದರು. ಇಬ್ಬರು ಕೆಲಸದವರು ಬೇರೆ ಗಾಡಿಯಲ್ಲಿ ಬರಬೇಕಿತ್ತು. ಗೋಡೆಯ ಎಡ ಮೂಲೆಯಲ್ಲಿ ಗಾರೆ ಏರಿದ ಮೇಲೆ ಮರುಭೂಮಿಯ ಕಡೆಯಿಂದ ಗಾಳಿ ಎದ್ದಿತು. ಸಂಜೆಗೆ ಬರುತ್ತದೆ ಎಂದು ಟಿವಿಯಲ್ಲಿ ಹೇಳಿದ್ದ ಗಾಳಿ. ನಮ್ಮ ಊರಿನಲ್ಲಿ ಆ ಗಾಳಿ ಬಂದರೆ ತುಟಿ ಒಡೆಯುತ್ತದೆ, ನಾಯಿಗಳು ಕಾರಣವಿಲ್ಲದೆ ಬೊಗಳುತ್ತವೆ, ಗಂಡ ಹೆಂಡತಿ ಕಾರಣ ಹುಡುಕಿಕೊಂಡು ಜಗಳವಾಡುತ್ತಾರೆ. ಹಸಿ ಗಾರೆಗಂತೂ ಅದು ಯಮ. ಅಷ್ಟರಲ್ಲಿ ಕೆಲಸದವರ ಫೋನ್ ಬಂತು. ಗುಡ್ಡದಲ್ಲಿ ಬೆಂಕಿ ಬಿದ್ದು ಹೆದ್ದಾರಿ ಮುಚ್ಚಿದ್ದಾರೆ, ಅಲ್ಲಾಡುವಂತಿಲ್ಲ ಎಂದರು.

ಎಲ್ವಿರಾ ಗೋಡೆ ಮುಟ್ಟಿ ನೋಡಿದಳು. ಆಗಲೇ ಬಿಗಿಯುತ್ತಿತ್ತು. ನಾನು ನಮ್ಮ ಮನೆಯ ಹಳೇ ಬೆಡ್‌ಶೀಟುಗಳನ್ನು ತಂದೆ. ದೆಲ್ಫಿನಾಳೂ ನಾನೂ ಅವುಗಳನ್ನು ಸೂರಿನಿಂದ ಇಳಿಬಿಟ್ಟು ಗಾಳಿಗೆ ಅಡ್ಡ ಕಟ್ಟಿದೆವು. ಅವು ಹಡಗಿನ ಪಟದ ಹಾಗೆ ಉಬ್ಬಿ ನಮ್ಮ ಮುಖಕ್ಕೇ ಹೊಡೆದವು. ಮೇಲಿನ ಹಲಗೆಯ ಮೇಲೆ ನಿಕಾನೋರ್, ಕೆಳಗೆ ಎಲ್ವಿರಾ. ಇಬ್ಬರೂ ಕೈ ಬೀಸಿ ಎಳೆಯುತ್ತಿದ್ದರು. ನಡುವಿನ ಪಟ್ಟಿ ಮಾತ್ರ ಯಾರ ಕೈಗೂ ಸಿಗದೆ ಒಣಗುತ್ತಿತ್ತು.

ಎವರಿಸ್ತೋ ಕುರ್ಚಿಯಲ್ಲಿ ಕೂತಿರಲಾರದೆ ಒದ್ದಾಡುತ್ತಿದ್ದ. ಬೈಗುಳ ನಿಂತುಹೋಗಿತ್ತು. ಅವನ ಕಣ್ಣು ಆ ಪಟ್ಟಿಯ ಮೇಲೇ ಇತ್ತು. ಕೊನೆಗೆ ಎದ್ದ, ಬಕೆಟ್ಟಿನಿಂದ ಒಂದು ಕರಣೆ ತೆಗೆದುಕೊಂಡ, ಕೈಹಲಗೆಯ ಮೇಲೆ ಗಾರೆ ಹಾಕಿಕೊಂಡು ಗೋಡೆಯ ಮುಂದೆ ನಿಂತ. ಎಲ್ವಿರಾ ಪಕ್ಕಕ್ಕೆ ಸರಿದು ಜಾಗ ಬಿಟ್ಟಳು.

ಅವನು ಕರಣೆ ಇಟ್ಟು ಎಳೆದ. ನಿಲುವು ಹಳೆಯದೇ, ಭುಜ ತಿರುಗಿದ ರೀತಿ ಹಳೆಯದೇ. ಆದರೆ ಕರಣೆ ಹೋದ ದಾರಿಯಲ್ಲಿ ನುಣುಪು ಬರಲಿಲ್ಲ. ಬಾಚಣಿಗೆ ಎಳೆದ ಹಾಗೆ ಸಣ್ಣ ಸಣ್ಣ ಅಲೆಗಳು ಎದ್ದವು. ಇನ್ನೊಮ್ಮೆ ಎಳೆದ, ಇನ್ನೂ ಹೆಚ್ಚಾದವು. ಎಡಗೈಯಿಂದ ಬಲ ಮಣಿಕಟ್ಟನ್ನು ಬಿಗಿಯಾಗಿ ಹಿಡಿದು ಎಳೆದ. ಆಗ ಎರಡೂ ಕೈ ನಡುಗಿದವು. ಕರಣೆಯ ಅಂಚು ಗೋಡೆಗೆ ಟಕಟಕ ಬಡಿಯುವುದು ಗಾಳಿಯ ಸದ್ದಿನಲ್ಲೂ ನನಗೆ ಕೇಳಿಸಿತು.

ನಾನು ಬೆಡ್‌ಶೀಟಿನ ತುದಿ ಹಿಡಿದು ಬೇರೆ ಕಡೆ ನೋಡಿದೆ. ಅಷ್ಟು ವರ್ಷ ಪಕ್ಕದಲ್ಲಿದ್ದು ನಾನು ಅವನ ಕೈಯನ್ನು ಸರಿಯಾಗಿ ನೋಡಿಯೇ ಇರಲಿಲ್ಲ ಎಂದು ಆಗ ಹೊಳೆಯಿತು. ಯಾವಾಗ ನೋಡಿದರೂ ಜೇಬಿನಲ್ಲೋ ಕಂಕುಳಲ್ಲೋ ಇರುತ್ತಿದ್ದವು.

ಮೇಲಿನಿಂದ ನಿಕಾನೋರನ ದನಿ ಬಂತು. ಆರು ವರ್ಷದ ಮೇಲೆ ಮೊದಲ ಸಲ, ನನ್ನ ಮೂಲಕವಲ್ಲದೆ, ನೇರವಾಗಿ.

"ಕೊಂಪಾದ್ರೆ, ಆ ಕೈಗೆ ಕರಣೆ ಯಾಕೆ? ಪೈಪ್ ಹಿಡ್ಕೋ. ನೀರು ಚಿಮುಕಿಸೋಕೆ ಆ ನಡುಕಾನೇ ಬೇಕು ನೋಡು. ನಮ್ಮ ಕೈಲಿ ಒಂದೇ ಕಡೆ ಸುರಿಯುತ್ತೆ."

ಎಲ್ವಿರಾ ಕಣ್ಣು ಮುಚ್ಚಿಕೊಂಡಳು. ಎವರಿಸ್ತೋ ಕರಣೆಯನ್ನು ಬಕೆಟ್ಟಿಗೆ ಹಾಕಿದ, ನಡೆದು ಹೋಗಿ ನೀರಿನ ಪೈಪು ಎತ್ತಿಕೊಂಡ, ನಲ್ಲಿ ಪೂರ್ತಿ ತಿರುಗಿಸಿದ, ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ನಿಕಾನೋರನ ಪ್ಯಾಂಟಿನ ಮುಂಭಾಗಕ್ಕೆ ಗುರಿಯಿಟ್ಟು ಹೊಡೆದ. ಆ ಗುರಿಯಲ್ಲಿ ನಡುಕ ಏನೇನೂ ಇರಲಿಲ್ಲ. ನಿಕಾನೋರ್ ಹಲಗೆಯ ಮೇಲೆ ಓಡುವುದಕ್ಕೂ ಆಗದೆ, ಬೀಳುವುದಕ್ಕೂ ಆಗದೆ, ಹೊಟ್ಟೆಯ ಕೆಳಗೆ ಗಾರೆ ಹಲಗೆ ಅಡ್ಡ ಹಿಡಿದುಕೊಂಡು ಕುಣಿದ. ಬೀದಿಯ ಆಚೆ ಮನೆಯ ಮುದುಕಿ ಕಿಟಕಿ ತೆರೆದು ನೋಡಿ ಶಿಲುಬೆಯ ಗುರುತು ಮಾಡಿಕೊಂಡಳು.

"ಆಯ್ತಾ?" ಎಂದ ನಿಕಾನೋರ್, ನೀರು ಇಳಿಸಿಕೊಳ್ಳುತ್ತ. "ಹೊಟ್ಟೆ ತಣ್ಣಗಾಯ್ತಾ? ನಂದಂತೂ ತಣ್ಣಗಾಯ್ತು. ಈಗ ಗೋಡೆಗೆ ಹೊಡಿ."

ಎವರಿಸ್ತೋ ಗೋಡೆಗೆ ಹೊಡೆದ. ನಡುಗುವ ಹೆಬ್ಬೆರಳಿನ ಅಂಚಿನಿಂದ ನೀರು ಮಂಜಿನ ಹಾಗೆ ಬೀಸಿ ಹೋಯಿತು. ಎಲ್ಲೂ ಸುರಿಯಲಿಲ್ಲ, ಎಲ್ಲೂ ಬಿಡಲಿಲ್ಲ. ಬಿಗಿದಿದ್ದ ಗಾರೆ ಮತ್ತೆ ಮೆತ್ತಗಾಯಿತು. ಎಲ್ವಿರಾ ನಡುವಿನ ಪಟ್ಟಿಗೆ ನುಗ್ಗಿದಳು. ಆ ಅಲೆಗಳ ಹತ್ತಿರ ಬಂದಾಗ ಕೈ ತಡೆದು, ಇದನ್ನು ಹೀಗೇ ಬಿಡಲಾ, ಪದ್ರಿನೋನ ಗುರುತಾಗಿ ಇರಲಿ ಎಂದು ಮೆಲ್ಲಗೆ ದೆಲ್ಫಿನಾಳನ್ನು ಕೇಳಿದಳು.

"ಇದೇನು ಚರ್ಚಾ, ಗುರುತು ಇಟ್ಕೊಂಡು ಮೇಣದಬತ್ತಿ ಹಚ್ಚೋಕೆ? ಅಳಿಸು" ಎಂದಳು ದೆಲ್ಫಿನಾ.

ಎಲ್ವಿರಾ ಅಳಿಸಿದಳು. ಆಮೇಲೆ ಕೆಲಸ ಹೇಗೆ ಓಡಿತೆಂದು ಹೇಳುವುದು ಕಷ್ಟ. ಎವರಿಸ್ತೋ ನೀರು ಹೊಡೆಯುತ್ತ, ಎಲ್ಲಿ ಬಿಗಿಯುತ್ತಿದೆ ಎಂದು ದೂರದಿಂದಲೇ ನೋಡಿ ಕೂಗುತ್ತಿದ್ದ. ಕಿಟಕಿಯ ಕೆಳಗೆ, ಬಾಗಿಲಿನ ಮೇಲೆ, ಆ ಮೂಲೆ, ಈ ಮೂಲೆ. ಅಪ್ಪ ಮಗಳು ಅಲ್ಲಿಗೆ ಧಾವಿಸುತ್ತಿದ್ದರು. ನಡುನಡುವೆ ಮುದುಕರಿಬ್ಬರೂ ಬೈಗುಳದಲ್ಲಿ ಒಬ್ಬರ ತಾಯಿಯನ್ನು ಇನ್ನೊಬ್ಬರು ನೆನೆಸಿಕೊಳ್ಳುತ್ತಿದ್ದರು. ಬಿಸಿಲು ಸೂರು ದಾಟಿ ಗೋಡೆಯ ಮೇಲೆ ಇಳಿಯುವ ಹೊತ್ತಿಗೆ ಬಲ ಮೂಲೆಯ ಕೊನೆಯ ಎಳೆತ ಮುಗಿದಿತ್ತು. ನಡುವೆ ಎಲ್ಲೂ ಗೆರೆ ಬೀಳಲಿಲ್ಲ.

ಊಟಕ್ಕೆ ಎಲ್ಲರೂ ನಿಂಬೆ ಗಿಡದ ಕೆಳಗೆ ಕೂತೆವು. ನಿಕಾನೋರ್ ಎವರಿಸ್ತೋನ ಪ್ಯಾಂಟು ಹಾಕಿಕೊಂಡಿದ್ದ, ಸೊಂಟಕ್ಕೆ ಹತ್ತದೆ ಹಗ್ಗ ಕಟ್ಟಿದ್ದ. ದೆಲ್ಫಿನಾ ಮೆನೂದೋ ಬಡಿಸಿದಳು, ಉಪ್ಪಿನ ಡಬ್ಬ ಕುಕ್ಕಿದಳು. ಎವರಿಸ್ತೋ ಚಮಚ ಎತ್ತಲಿಲ್ಲ. ಬಟ್ಟಲನ್ನು ಪಕ್ಕಕ್ಕೆ ಸರಿಸಿ, ನಿಕಾನೋರನಿಗೆ ಹೇಳಿದ:

"ಇವತ್ತು ಹೇಳಿದ್ದನ್ನ ಅವತ್ತೇ ನನ್ನ ಮುಖಕ್ಕೆ ಹೇಳ್ಬಹುದಿತ್ತು. ಕಳ್ಳನ ಹಾಗೆ ಭಾನುವಾರ ಹೋಗಿ ನನ್ನ ಗೋಡೆ ಅಳಿಸೋ ಬದಲು."

ಯಾವ ಗೋಡೆ ಎಂದು ದೆಲ್ಫಿನಾ ಕೇಳಿದಳು. ನಿಕಾನೋರ್ ಬಾಯಿ ಬಿಟ್ಟ. ಸ್ಯಾನ್ ಮರೀನೋದ ಒಂದು ದೊಡ್ಡ ಮನೆಯಲ್ಲಿ ಎವರಿಸ್ತೋ ಮಾಡಿದ ಗೋಡೆಯಲ್ಲಿ ಅಲೆಗಳು ಬಂದಿದ್ದವು. ಸೋಮವಾರ ಮನೆಯವರು ನೋಡಿದರೆ ಕೊಂಪಾದ್ರೆಯ ಹೆಸರು ಹಾಳಾಗುತ್ತದೆ ಎಂದು ಅವನು ಭಾನುವಾರ ಒಬ್ಬನೇ ಹೋಗಿ ಇಡೀ ಗೋಡೆ ಮತ್ತೆ ಮಾಡಿದ. ಯಾರಿಗೂ ಹೇಳಲಿಲ್ಲ. ಆದರೆ ಗಾರೆಯವನಿಗೆ ತನ್ನ ಕೈಬರಹ ಗೊತ್ತಿರುತ್ತದೆ. ಸೋಮವಾರ ಎವರಿಸ್ತೋ ಬಂದು ಗೋಡೆ ನೋಡಿದ, ಕರಣೆಯನ್ನು ಲಾರಿಯೊಳಗೆ ಎಸೆದ, ಬಸ್ಸು ಹಿಡಿದು ಮನೆಗೆ ಬಂದ. ಮಂಡಿ ಹೋಯಿತು ಎಂದ. ಮಾತು ಬಿಟ್ಟದ್ದಕ್ಕೆ ಒಂದು ಕಾರಣ ಬೇಕಾಗಿತ್ತು. ಮನೆಯಲ್ಲಿ ಆ ವಾರ ಮೆನೂದೋ ಆಗಿತ್ತು, ತಪ್ಪನ್ನು ಅದರ ಉಪ್ಪಿನ ಮೇಲೆ ಹಾಕಿದ.

ದೆಲ್ಫಿನಾ ಸೌಟು ಹಿಡಿದು ನಿಂತೇ ಇದ್ದಳು. ಅವಳ ಮುಖದ ಮೇಲೆ ಏನೇನು ಹಾದುಹೋಯಿತೋ. ಮೊದಲು ಗಂಡನ ಕಡೆ ತಿರುಗಿದಳು.

"ಕೈ ನಡುಗೋದು ನಂಗೊತ್ತಿಲ್ಲ ಅಂದ್ಕೊಂಡಿದ್ಯಾ? ಆರು ವರ್ಷದಿಂದ ನಿನಗೆ ಅರ್ಧ ಲೋಟ ಕಾಫಿ ಯಾಕೆ ಕೊಡ್ತಿದೀನಿ ಮತ್ತೆ?"

ಎವರಿಸ್ತೋ ಬಾಯಿ ತೆರೆದ. "ಜಿಪುಣತನ ಅಂದ್ಕೊಂಡಿದ್ದೆ" ಎಂದ.

ಅವನು ನಿಜವಾಗಿಯೂ ಹಾಗೆಂದುಕೊಂಡಿದ್ದ. ನನ್ನ ಹತ್ತಿರ ಎಷ್ಟೋ ಸಲ ದೂರಿದ್ದ. ದೆಲ್ಫಿನಾ ನಗಲಿಲ್ಲ. ಕಣ್ಣು ಒದ್ದೆಯಾಗಿತ್ತೋ ಏನೋ, ಈರುಳ್ಳಿಯೂ ಅಲ್ಲೇ ಇತ್ತು. ಅವಳು ನಿಕಾನೋರನ ಕಡೆ ತಿರುಗಿದಳು.

"ಹಾಗಾದ್ರೆ ನನ್ನ ಮೆನೂದೋಗೆ ಉಪ್ಪು ಸಾಲ್ದು ಅಂತ ನೀನು ಹೇಳೇ ಇಲ್ಲ."

"ಇಲ್ಲ ಕೊಮಾದ್ರೆ. ಹೇಳಿಲ್ಲ."

"ಉಪ್ಪು ಸರಿಯಾಗಿತ್ತು."

ನಿಕಾನೋರ್ ಬಟ್ಟಲು ನೋಡಿದ, ಮಗಳ ಮುಖ ನೋಡಿದ. ಮೇಜಿನ ಕೆಳಗೆ ಎಲ್ವಿರಾ ಅವನ ಕಾಲು ತುಳಿದದ್ದು ನನಗೆ ಕಾಣಿಸಿತು.

"ಕಮ್ಮೀನೇ ಇತ್ತು, ಕೊಮಾದ್ರೆ" ಎಂದ. "ಆ ಇಪ್ಪತ್ತೈದು ವರ್ಷಾನೂ ಕಮ್ಮಿ. ಆದ್ರೆ ಹೇಳೋ ಧೈರ್ಯ ನಂಗ್ ಯಾವತ್ತೂ ಬಂದಿಲ್ಲ."

ಎವರಿಸ್ತೋ ಮೊದಲು ನಕ್ಕ. ಅವನ ನಗುವಿಗೆ ಕುರ್ಚಿ ಮಡಚಿಕೊಂಡು ಅವನು ಅದರೊಳಗೆ ಸಿಕ್ಕಿಕೊಂಡ. ಎಬ್ಬಿಸಲು ಹೋದ ನಿಕಾನೋರನ ಪ್ಯಾಂಟಿನ ಹಗ್ಗ ಬಿಚ್ಚಿಹೋಯಿತು. ದೆಲ್ಫಿನಾ ಇಬ್ಬರಿಗೂ ಸೌಟಿನಿಂದ ಒಂದೊಂದು ಕೊಟ್ಟಳು. ಆಮೇಲೆ ತಾನೇ ಒಂದು ಚಮಚ ರುಚಿ ನೋಡಿದಳು, ಬಹಳ ಹೊತ್ತು ಬಾಯಿ ಆಡಿಸಿದಳು, ಯಾರ ಮುಖವನ್ನೂ ನೋಡದೆ ಉಪ್ಪಿನ ಡಬ್ಬ ಎತ್ತಿ ಪಾತ್ರೆಗೆ ಸುರಿದಳು.

ಮುಂದಿನ ವಾರ ಅವಳು ಗಂಡನನ್ನು ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಅವನು ಹೆದರಿದ್ದ ಕಾಯಿಲೆ ಅದಾಗಿರಲಿಲ್ಲ. ಅಪ್ಪನಿಗೋ ಅಜ್ಜನಿಗೋ ಇದ್ದ ನಡುಕ ಇವನಿಗೂ ಬಂದಿದೆ, ಮಾತ್ರೆ ತಗೊಂಡರೆ ತಗ್ಗುತ್ತದೆ, ಪೂರ್ತಿ ಹೋಗುವುದಿಲ್ಲ ಎಂದರು. ಆರು ವರ್ಷ ಒಬ್ಬನೇ ಸಾವಿನ ಹತ್ತಿರ ಚೌಕಾಸಿ ಮಾಡಿಕೊಂಡು ಕೂತಿದ್ದೆನಲ್ಲ ಎಂದು ನನ್ನ ಮುಂದೆ ತನ್ನನ್ನೇ ಬೈದುಕೊಂಡ. ಅದನ್ನು ಹೇಳುವಾಗ ಅವನ ದನಿ ಸ್ವಲ್ಪ ಕೆಳಗಿತ್ತು. ನಾನು ತಮಾಷೆ ಮಾಡಲಿಲ್ಲ.

ಈಗ ಎಲ್ವಿರಾಳ ಲಾರಿ ಬೆಳಿಗ್ಗೆ ನಮ್ಮ ಬೀದಿಗೆ ಬಂದು ಹಾರ್ನ್ ಹೊಡೆಯುತ್ತದೆ. ಎವರಿಸ್ತೋ ಟೋಪಿ ಹಾಕಿಕೊಂಡು ಹೊರಡುತ್ತಾನೆ. ಕರಣೆ ಮುಟ್ಟುವ ಹಾಗಿಲ್ಲ. ಅವನ ಕೆಲಸ ನೀರು ಹೊಡೆಯುವುದು, ಗಾರೆ ಯಾವಾಗ ಬಿಗಿಯುತ್ತದೆಂದು ಹೇಳುವುದು, ಉಳಿದ ಹೊತ್ತೆಲ್ಲ ನಿಕಾನೋರನನ್ನು ಬೈಯುವುದು. ಮೂರನೆಯದನ್ನು ಅವನು ಸಂಬಳವಿಲ್ಲದೆ ಮಾಡುತ್ತಾನೆ ಎಂದು ಎಲ್ವಿರಾ ಹೇಳುತ್ತಾಳೆ. ಹೊಸ ಕೆಲಸದವರು ಮೊದಲ ದಿನ ಇಬ್ಬರ ನಡುವೆ ಹೊಡೆದಾಟ ಆಗುತ್ತದೆಂದು ಹೆದರುತ್ತಾರೆ. ಆಮೇಲೆ ಕಿವಿಗೆ ಹಾಡು ಸಿಕ್ಕಿಸಿಕೊಳ್ಳುತ್ತಾರೆ.

ದೆಲ್ಫಿನಾಳ ಮನೆ ಈಗ ಬೆಣ್ಣೆ ಸವರಿದ ಹಾಗಿದೆ. ಸಂಜೆಯ ಹೊತ್ತು ಅವಳು ಹೊರಗೆ ಬಂದು, ಯಾರೂ ನೋಡುತ್ತಿಲ್ಲವೆಂದುಕೊಂಡು, ಬರಿಗೈಯನ್ನು ಗೋಡೆಯ ಉದ್ದಕ್ಕೂ ಸವರಿಕೊಂಡು ಓಣಿಯಲ್ಲಿ ನಡೆಯುತ್ತಾಳೆ. ಬೀದಿಯ ಪಡ್ಡೆಗಳಿಗೂ ಆ ನುಣುಪು ಇಷ್ಟವಾಗಿ, ಒಂದು ದಿನ ಬಣ್ಣದ ಡಬ್ಬದಿಂದ ಅದರ ಮೇಲೆ ಏನೋ ಬರೆದರು. ದೆಲ್ಫಿನಾ ಅಕ್ಷರ ನೋಡಿಯೇ ಯಾರೆಂದು ಹೇಳಿದಳು, ಅವನಿಗೆ ಐದನೇ ತರಗತಿಯ ತನಕ ಊಟ ಬಡಿಸಿದ್ದಳಂತೆ. ಅವನ ತಾಯಿಯ ಕಣ್ಣೆದುರಿಗೇ ಅವನಿಂದ ತೊಳೆಸಿದಳು.

ಈ ಎಲ್ಲದರಿಂದ ನಷ್ಟವಾದದ್ದು ನನಗೊಬ್ಬನಿಗೇ. ಗಾರೆ ಧೂಳಿಗೆ ಎವರಿಸ್ತೋನ ಬೆನ್ನು ತುರಿಸುತ್ತದೆ. ತನ್ನ ಮನೆಯ ಗೋಡೆಗೆ ಉಜ್ಜಿದರೆ ಜಾರುತ್ತದೆ, ಅದರಿಂದ ಸುಖವಿಲ್ಲ. ನಮ್ಮ ಗ್ಯಾರೇಜಿನ ಗೋಡೆ ಇನ್ನೂ ಒರಟಾಗಿದೆ. ಕೆಲಸ ಮುಗಿಸಿ ಬಂದವನು ಸೀದಾ ಅಲ್ಲಿಗೆ ಬಂದು, ಅಂಗಿ ಎತ್ತಿ, ಕಣ್ಣು ಮುಚ್ಚಿ, ಎಮ್ಮೆಯ ಹಾಗೆ ಮೇಲೆ ಕೆಳಗೆ ಉಜ್ಜಿಕೊಳ್ಳುತ್ತಾನೆ. ದೆಲ್ಫಿನಾ ಬೇಲಿಯ ಆಚೆಯಿಂದ ನೋಡಿ, ನೀವೂ ನಿಮ್ಮದನ್ನು ನುಣ್ಣಗೆ ಮಾಡಿಸಿಬಿಡಿ, ನಾನೇ ನಿಕಾನೋರನಿಗೆ ಹೇಳುತ್ತೇನೆ ಎನ್ನುತ್ತಾಳೆ.

ಮುಂದಿನ ಬೇಸಿಗೆಗೆ ಎಂದು ನಾನು ಹೇಳುವಷ್ಟರಲ್ಲಿ ಎವರಿಸ್ತೋ ಕಣ್ಣು ತೆರೆಯದೆ ನನ್ನ ಪರವಾಗಿ ಉತ್ತರ ಕೊಡುತ್ತಾನೆ. ಬೇಡವಂತೆ. ಬೀದಿಯಲ್ಲಿ ಒಂದಾದರೂ ಮನುಷ್ಯರಿಗೆ ಉಪಯೋಗಕ್ಕೆ ಬರುವ ಗೋಡೆ ಇರಲಿ ಅಂತೆ.